33ನೇ ವಯಸ್ಸಿಗೆ ವೆಲ್ಡಿಂಗ್ ಸರ್ಟಿಫಿಕೇಟ್: ಮೂರು ತಿಂಗಳದ್ದು ಸಾಕಾ, ಐಟಿಐನೇ ಬೇಕಾ?

ಸಂಡೂರು ಹೆಲ್ಪರ್

ಎಲ್ಲರಿಗೂ ನಮಸ್ಕಾರ. ತೋರಣಗಲ್ಲು ಕಡೆ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಫ್ಯಾಬ್ರಿಕೇಶನ್ ಹೆಲ್ಪರ್ ಆಗಿದ್ದೇನೆ. ಎಸ್ಸೆಸ್ಸೆಲ್ಸಿ ಪಾಸ್. ಪಿಯುಸಿ ಇಂಗ್ಲಿಷ್‌ನಲ್ಲಿ ಹೋಯ್ತು, ಆಮೇಲೆ ಕಟ್ಟಲೇ ಇಲ್ಲ. ಗ್ರೈಂಡಿಂಗ್, ಗ್ಯಾಸ್ ಕಟಿಂಗ್, ಫಿಟ್‌ಅಪ್ ಎಲ್ಲಾ ಬರುತ್ತೆ. ವೆಲ್ಡರ್ ಊಟಕ್ಕೆ ಹೋದರೆ ಟ್ಯಾಕ್ (ತುಂಡುಗಳನ್ನು ಹಿಡಿದು ನಿಲ್ಲಿಸೋ ಚಿಕ್ಕ ವೆಲ್ಡ್) ಹೊಡೆಯುವುದೂ ನಾನೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಲ್ಪರ್ ಅಂದರೆ ಹೆಲ್ಪರ್. ನನಗೆ ದಿನಕ್ಕೆ 600, ಪಕ್ಕದಲ್ಲಿ ಪೈಪ್ ವೆಲ್ಡಿಂಗ್ ಮಾಡುವವನಿಗೆ ಅದರ ಡಬಲ್.

ಸೂಪರ್‌ವೈಸರ್ ಹೇಳುತ್ತಾರೆ: "ಸರ್ಟಿಫಿಕೇಟ್ ತಗೊಂಡು ಬಾ, ವೆಲ್ಡರ್ ಅಂತ ಗೇಟ್‌ಪಾಸ್ ಮಾಡಿಸ್ತೀನಿ." ಯಾವ ಸರ್ಟಿಫಿಕೇಟ್ ಅಂತ ಕೇಳಿದರೆ, "ಯಾವುದಾದ್ರೂ ತಾರಪ್ಪ" ಅಂತಾರೆ. ಅಲ್ಲೇ ನನಗೆ ತಲೆ ಕೆಟ್ಟಿರೋದು.

ಬಳ್ಳಾರಿಯ ಒಂದು ಖಾಸಗಿ ಸೆಂಟರ್‌ನಲ್ಲಿ 45 ದಿನಕ್ಕೆ 3ಜಿ (ನಿಲ್ಲಿಸಿದ ಪ್ಲೇಟ್ ವೆಲ್ಡಿಂಗ್), 6ಜಿ (ಓರೆ ಪೈಪ್ ವೆಲ್ಡಿಂಗ್) ಎರಡೂ ಕಲಿಸಿ ಸರ್ಟಿಫಿಕೇಟ್ ಕೊಡ್ತಾರಂತೆ, ಫೀಸು 22 ಸಾವಿರ. "ಕೆಲಸ ಗ್ಯಾರಂಟಿ" ಅಂತ ಬೋರ್ಡಿನಲ್ಲೇ ಬರೆದಿದ್ದಾರೆ. ಸರ್ಕಾರದ ಕೌಶಲ್ಯ ಕೇಂದ್ರದ್ದು ಮೂರು ತಿಂಗಳು, ಫೀಸಿಲ್ಲ. ಇಲ್ಲವಾದರೆ ಐಟಿಐ. ಅದಕ್ಕೆ ಕೆಲಸ ಬಿಡಬೇಕು. ಮನೆಯಲ್ಲಿ ಇಬ್ಬರು ಮಕ್ಕಳು, ಅವ್ವನ ಶುಗರ್ ಮಾತ್ರೆ, ಸಂಘದ ಕಂತು. ಹುಡುಗರ ಜೊತೆ ಬೆಂಚಿನ ಮೇಲೆ ಕೂರೋಕೆ ನಾಚಿಕೆ ಏನಿಲ್ಲ, ಆದರೆ ಸಂಬಳ ಇಲ್ಲದೆ ಅಷ್ಟು ದಿನ ಆಗಲ್ಲ. ಗೊತ್ತಿರುವವರು ಹೇಳಿ.

ಐಟಿಐ ಮೇಷ್ಟ್ರು, ಲಿಂಗಸುಗೂರು

ಮೊದಲು ಒಂದು ವಿಷಯ ಸರಿ ಮಾಡಿಬಿಡ್ತೀನಿ. ಐಟಿಐ ಅಂದರೆ ಎರಡು ವರ್ಷ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ವೆಲ್ಡರ್ ಟ್ರೇಡ್ ಒಂದೇ ವರ್ಷ, 8ನೇ ತರಗತಿ ಪಾಸಾಗಿದ್ದರೆ ಸಾಕು.

ನಾನು ಐಟಿಐನಲ್ಲಿ ಪಾಠ ಮಾಡುವವನು, ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆ ವಾಲಿರುತ್ತೆ, ಇರಲಿ. ರೈಲ್ವೆಯ ಟೆಕ್ನಿಷಿಯನ್ ಹುದ್ದೆಯ ಪ್ರಕಟಣೆ ತೆಗೆದು ನೋಡಿ. ಎನ್‌ಸಿವಿಟಿ ಅಥವಾ ಎಸ್‌ಸಿವಿಟಿ, ಅಂದರೆ ಕೇಂದ್ರದ ಅಥವಾ ರಾಜ್ಯದ ತರಬೇತಿ ಮಂಡಳಿ ಒಪ್ಪಿದ ಐಟಿಐ ಅಂತ ಇರುತ್ತೆ. ಅಲ್ಲಿ ಮೂರು ತಿಂಗಳ ಕಾಗದ ಹಿಡಿದುಕೊಂಡು ಹೋದರೆ ಅರ್ಜಿಯೇ ತಗೊಳಲ್ಲ.

ಹಾಗಂತ ಸಣ್ಣ ಕೋರ್ಸ್ ಎಲ್ಲಾ ಬೋಗಸ್ ಅಂತಲ್ಲ. 2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೌಶಲ್ಯಗಳಿಗೆ ಮಟ್ಟಗಳ ಒಂದು ಚೌಕಟ್ಟು ತಂದಿತು, ಎನ್‌ಎಸ್‌ಕ್ಯೂಎಫ್ ಅಂತ. ಐಟಿಐ ಕೋರ್ಸೂ ಕೌಶಲ್ಯ ಕೇಂದ್ರದ ಕೋರ್ಸೂ ಅದೇ ಏಣಿಯ ಮೇಲೆ ಬರುತ್ತವೆ. ಅದನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ ಎನ್‌ಸಿವಿಇಟಿ 2020ರಿಂದ ಕೆಲಸ ಮಾಡ್ತಾ ಇದೆ. 2023ರಲ್ಲಿ ಕ್ರೆಡಿಟ್ ಲೆಕ್ಕವೂ ಬಂತು. 30 ಗಂಟೆ ಕಲಿಕೆಗೆ 1 ಕ್ರೆಡಿಟ್, ವರ್ಷದ 1,200 ಗಂಟೆಗೆ 40. ಅಂದರೆ 300 ಗಂಟೆಯ ಕೋರ್ಸ್ ಮಾಡಿದರೆ 10 ಕ್ರೆಡಿಟ್. ಇವತ್ತು ಸ್ವಲ್ಪ, ಮುಂದೆ ಸ್ವಲ್ಪ ಕೂಡಿಸಿಕೊಂಡು ಮೇಲೆ ಹೋಗಬಹುದು ಅನ್ನೋದು ಅದರ ಆಸೆ. ಕಾಗದದ ಮೇಲೆ ಚೆನ್ನಾಗಿದೆ. ನಮ್ಮ ಕಡೆ ಕ್ರೆಡಿಟ್ ಎಷ್ಟು ಅಂತ ಕೇಳುವ ಕಾಂಟ್ರಾಕ್ಟರ್‌ನ ನಾನಂತೂ ಇನ್ನೂ ನೋಡಿಲ್ಲ.

22 ಸಾವಿರ ಕೊಡುವ ಮೊದಲು ಆ ಸೆಂಟರ್‌ನವರನ್ನು ಕೇಳಿ: ಇದು ಎನ್‌ಎಸ್‌ಕ್ಯೂಎಫ್ ಕೋರ್ಸಾ, ಪರೀಕ್ಷೆ ಮಾಡೋದು ನೀವೇನಾ ಅಥವಾ ಹೊರಗಿನವರಾ? ಕಲಿಸಿದವನೇ ಪಾಸ್ ಮಾಡಿದರೆ ಆ ಕಾಗದಕ್ಕೆ ಬೆಲೆ ಕಮ್ಮಿ. ಸರ್ಟಿಫಿಕೇಟ್ ಡಿಜಿಲಾಕರ್‌ಗೆ ಬರುತ್ತಾ ಅಂತಲೂ ಕೇಳಿ.

ಕುಡತಿನಿ ಹೋಲ್ಡರ್

ಮೇಷ್ಟ್ರು ಹೇಳಿದ್ದು ಸರಿ ಇದೆ. ಆದರೆ ತಮ್ಮಾ, ನೀನು ಕೇಳ್ತಾ ಇರೋದು ರೈಲ್ವೆ ಕೆಲಸ ಅಲ್ಲ, ಗೇಟಿನ ಕೆಲಸ. ಗೇಟಿನ ಲೆಕ್ಕ ಬೇರೆ. ನಾನು ಈ ಕಡೆ ಪ್ಲಾಂಟುಗಳಲ್ಲೇ ವೆಲ್ಡಿಂಗ್ ಹೋಲ್ಡರ್ ಹಿಡಿದು ಕೂದಲು ಬೆಳ್ಳಗೆ ಮಾಡಿಕೊಂಡವನು, ಹೇಳ್ತೀನಿ ಕೇಳು.

ನಿಮ್ಮ ಸೂಪರ್‌ವೈಸರ್ "ಯಾವುದಾದ್ರೂ ತಾ" ಅಂದಿದ್ದು ಸುಮ್ನೆ ಅಲ್ಲ. ಅವನಿಗೆ ಬೇಕಿರೋದು ಫೈಲಿಗೆ ಒಂದು ಕಾಗದ. ಸೇಫ್ಟಿಯವರು, ಆಡಿಟ್‌ನವರು ಬಂದರೆ ತೋರಿಸೋಕೆ. ಅದರಿಂದ ನಿನಗೆ ಡಬಲ್ ಸಂಬಳ ಬರಲ್ಲ. ಸಂಬಳ ಬರೋದು ಟೆಸ್ಟ್ ಪೀಸಿನಿಂದ.

ಟೆಸ್ಟ್ ಹೇಗಿರುತ್ತೆ ಅಂತ ಹೊರಗಿನಿಂದ ನೀನೂ ನೋಡಿರ್ತೀಯ. 6ಜಿ ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿ ಬಿಗಿ ಮಾಡಿರ್ತಾರೆ. ಪೈಪ್ ತಿರುಗಿಸೋ ಹಾಗಿಲ್ಲ, ನೀನೇ ಸುತ್ತಬೇಕು. ನಿಂತು, ಬಗ್ಗಿ, ಆಮೇಲೆ ಕೆಳಗೆ ಮಲಗಿದ ಹಾಗೆ. ಮೊದಲು ರೂಟ್, ಅಂದರೆ ತೀರಾ ಒಳಗಿನ ಮೊದಲ ಸುತ್ತು. ಹೊಸಬರು ಸಾಯೋದೇ ಅಲ್ಲಿ. ಪೈಪಿನ ತಳಭಾಗದಲ್ಲಿ ಕರಗಿದ ಲೋಹ ಕೆಳಕ್ಕೆ ಜಗ್ಗುತ್ತೆ, ಒಳಗಡೆ ರೂಟ್ ಗುಳಿ ಬೀಳುತ್ತೆ. ಹೊರಗಿನಿಂದ ಏನೂ ಕಾಣಲ್ಲ. ಮೇಲೆ ಕ್ಯಾಪಿಂಗ್, ಅಂದರೆ ಕೊನೆಯ ಸುತ್ತು, ಫೋಟೋ ತೆಗೆದು ಸ್ಟೇಟಸ್ ಹಾಕೋ ಹಾಗಿರುತ್ತೆ, ಎಕ್ಸ್‌ರೇ ಫಿಲ್ಮ್ ಬಂದ ಮೇಲೆ ಗುಣಮಟ್ಟ ನೋಡೋ ಕ್ಯೂಸಿ ಸಾಹೇಬ ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸ್ತಾನೆ. ಇನ್ನೊಂದು ಜಾಗ, ಒಂದು ರಾಡ್ ಮುಗಿದು ಇನ್ನೊಂದು ಶುರುವಾಗೋ ಕಡೆ. ಅಲ್ಲಿ ಗ್ರೈಂಡರ್‌ನಿಂದ ತುದಿಯನ್ನು ತೆಳ್ಳಗೆ ಮಾಡಿಕೊಳ್ಳದೆ ಹಾಗೇ ಹತ್ತಿಸಿದರೆ ಡಿಫೆಕ್ಟ್ ಗ್ಯಾರಂಟಿ. 7018 ಅನ್ನೋ ವೆಲ್ಡಿಂಗ್ ರಾಡನ್ನು ಓವನ್‌ನಿಂದ ತೆಗೆದು ಗಾಳಿಗೆ ಬಿಟ್ಟು ಚಹಾ ಕುಡಿಯೋಕೆ ಹೋದರೂ ಅಷ್ಟೇ, ಪಸೆ ಹಿಡಿದು ಪೊರಾಸಿಟಿ, ಅಂದರೆ ವೆಲ್ಡ್ ಒಳಗೆ ಸಣ್ಣ ಸಣ್ಣ ತೂತು ಬರುತ್ತೆ. ನೀನು ಇಷ್ಟು ದಿನ ಗ್ರೈಂಡಿಂಗ್ ಮಾಡಿದ್ದೀಯಲ್ಲ, ಅದು ಇಲ್ಲಿ ಅರ್ಧ ಕೆಲಸ. ಕೋರ್ಸಿಗೆ ಹೊಸದಾಗಿ ಬಂದ ಹುಡುಗನಿಗೆ ಆ ಕೈ ಇರಲ್ಲ.

ಇನ್ನೊಂದು ಮಾತು ಸೆಂಟರ್‌ನವರು ಹೇಳಲ್ಲ. ದೊಡ್ಡ ಪ್ಲಾಂಟುಗಳಲ್ಲಿ ಪೈಪು, ಪ್ರೆಷರ್ ಕೆಲಸಕ್ಕೆ ಅಮೆರಿಕದ ಎಎಸ್‌ಎಂಇ ಕೋಡ್ ಜಾಸ್ತಿ ನಡೆಯುತ್ತೆ. ಅದರ ಸೆಕ್ಷನ್ 9ರ ಪ್ರಕಾರ ವೆಲ್ಡರ್‌ನ ಟೆಸ್ಟ್ ಮಾಡೋ ಜವಾಬ್ದಾರಿ ಕೆಲಸ ಕೊಡೋ ಕಂಪನಿಯದ್ದು. ನೀನು ಹೊರಗಿನಿಂದ 6ಜಿ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿಕೊಂಡು ಹೋದರೂ ಮತ್ತೆ ಪೈಪ್ ತುಂಡು ಕೈಗೆ ಕೊಡ್ತಾರೆ. ಪಾಸಾದ ಮೇಲೂ ಮುಗೀಲಿಲ್ಲ. ಆ ವಿಧಾನದ ವೆಲ್ಡಿಂಗನ್ನು ಆರು ತಿಂಗಳು ಮುಟ್ಟದೇ ಇದ್ದರೆ ಅದು ಸತ್ತ ಹಾಗೆ, ಮತ್ತೆ ಟೆಸ್ಟ್. ನಮ್ಮೂರಿನ ಥರ್ಮಲ್, ಶಕ್ತಿನಗರದ ಥರ್ಮಲ್, ಇಲ್ಲೆಲ್ಲಾ ಬಾಯ್ಲರ್ ಟ್ಯೂಬ್ ಮುಟ್ಟಬೇಕಾದರೆ ಐಬಿಆರ್ (ಬಾಯ್ಲರ್ ನಿಯಮ) ಸರ್ಟಿಫಿಕೇಟ್ ಇರೋ ವೆಲ್ಡರ್ ಆಗಿರಬೇಕು. ಆ ಸರ್ಟಿಫಿಕೇಟ್ ಬಾಯ್ಲರ್ ಇಲಾಖೆ ಕೊಡೋದು, ಅದಕ್ಕೂ ಎರಡು ವರ್ಷದ ಆಯಸ್ಸು.

ಅದಕ್ಕೇ ಹೇಳೋದು, ಆ 22 ಸಾವಿರ ಜೇಬಲ್ಲೇ ಇರಲಿ. ಫೈಲಿನ ಕಾಗದಕ್ಕೆ ಸರ್ಕಾರದ್ದು ಮಾಡು. ಈಗಾಗಲೇ ಕೆಲಸ ಗೊತ್ತಿರುವವರಿಗೆ ಆರ್‌ಪಿಎಲ್ ಅಂತ ಇದೆ, ಗೊತ್ತಿರುವ ಕೆಲಸವನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡ್ತಾರೆ, ತಿಂಗಳುಗಟ್ಟಲೆ ಕೂರೋದಿಲ್ಲ. ನಿನಗೆ ಅದೇ ಸರಿ. ದುಡ್ಡು ಖರ್ಚು ಮಾಡೋದೇ ಆದರೆ ರಾಡಿಗೆ ಮಾಡು.

ಬೋರ್ಡಿನಲ್ಲಿ "ಕೆಲಸ ಗ್ಯಾರಂಟಿ" ಅಂತ ಬರೆಯೋರನ್ನು ನಾನು ನಂಬಲ್ಲ. ಗೇಟಿನಲ್ಲಿ ಗ್ಯಾರಂಟಿ ಅಂತ ಯಾರೂ ಬರೆದಿಲ್ಲ.

ಕೌಲ್‌ಬಜಾರ್ ಅಕ್ಕ

ವೆಲ್ಡಿಂಗ್ ನನಗೆ ಗೊತ್ತಿಲ್ಲ. ನಾನು ಬಳ್ಳಾರಿ ಜೀನ್ಸ್ ಯೂನಿಟ್‌ನಲ್ಲಿ ಫೀಡ್ ಆಫ್ ದಿ ಆರ್ಮ್ ಮೆಷಿನ್ ಓಡಿಸೋಳು, ಅದೇ ಪ್ಯಾಂಟಿನ ಕಾಲಿಗೆ ಜೋಡಿ ಹೊಲಿಗೆ ಹಾಕುತ್ತಲ್ಲ, ಅದು. ಆರ್‌ಪಿಎಲ್ ನಾನೂ ಮಾಡಿದ್ದೀನಿ. ಕಾರ್ಡು ತಗೊಂಡು ಹೋಗಿ ಓನರ್‌ಗೆ ತೋರಿಸಿದರೆ ನೋಡಲೇ ಇಲ್ಲ, "ಹತ್ತು ಪೀಸ್ ಹೊಲಿದು ತೋರಿಸು" ಅಂದ. ಪೀಸಿಗೆ ಐದು ಪೈಸೆ ಕೂಡ ಹೆಚ್ಚಾಗಲಿಲ್ಲ.

ಆದರೆ ಉಪಯೋಗ ಇಲ್ಲ ಅಂತ ಹೇಳಲ್ಲ. ನಮ್ಮ ಓರಗಿತ್ತಿ ಮನೆಯಲ್ಲೇ ಟೇಲರಿಂಗ್ ಮಾಡ್ತಾಳೆ, ಪಿಎಂ ವಿಶ್ವಕರ್ಮಕ್ಕೆ ಹಾಕಿದ್ದಳು. ಅದು 2023ರಲ್ಲಿ ಬಂದಿದ್ದು, 18 ಕಸುಬು, ದರ್ಜಿನೂ ಒಂದು. ಐದಾರು ದಿನ ಟ್ರೇನಿಂಗು, ದಿನಕ್ಕೆ 500 ರೂಪಾಯಿ, ಸಾಮಾನಿಗೆ 15 ಸಾವಿರದ ವೋಚರ್. ಆಮೇಲೆ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಬ್ಯಾಂಕಿನ ಕೌಂಟರ್‌ನಲ್ಲಿ ಆ ಸರ್ಟಿಫಿಕೇಟ್ ನಡೀತು, ಮೆಷಿನ್ ತಗೊಂಡಳು. ನನ್ನ ಕಾಗದ ಓನರ್ ಹತ್ತಿರ ನಡೀಲಿಲ್ಲ, ಅವಳದ್ದು ಬ್ಯಾಂಕಿನಲ್ಲಿ ನಡೀತು. ಯಾರ ಮುಂದೆ ಇಡ್ತೀವಿ ಅಂತ ಮೊದಲೇ ನೋಡ್ಕೋಬೇಕು ಅಲ್ವಾ.

ಹೆಣ್ಮಕ್ಕಳಿಗೆ ಇನ್ನೊಂದು ಇದೆ. ಓನರ್ ಬದಲಾದರೆ ಹಳೇ ಅನುಭವಕ್ಕೆ ಸಾಕ್ಷಿ ಯಾರೂ ಇರಲ್ಲ, ಸಂಬಳ ಕೈಗೆ ಕೊಡ್ತಾರೆ, ಎಲ್ಲೂ ಎಂಟ್ರಿ ಇರಲ್ಲ. ನನ್ನ ಹೆಸರು, ನನ್ನ ಕೆಲಸ ಬರೆದಿರೋ ಕಾಗದ ಅಂತ ಇರೋದು ಅದೊಂದೇ. ಹಾಗಾಗಿ ಇಟ್ಟುಕೊಂಡಿದ್ದೀನಿ.

ಸಿಂಧನೂರು ಕರೆಂಟ್

ವೈರಿಂಗ್ ಕಡೆಯವರು ಇದನ್ನು ಓದ್ತಾ ಇದ್ದರೆ ಒಂದು ಮಾತು. ಬ್ಯಾಂಕಿನವರು ನಡೆಸುವ ತರಬೇತಿ ಕೇಂದ್ರ ಆರ್‌ಸೆಟಿಯಲ್ಲಿ ತಿಂಗಳ ಕೋರ್ಸ್ ಚೆನ್ನಾಗಿರುತ್ತೆ, ಊಟ ವಸತಿ ಎಲ್ಲಾ ಫ್ರೀ. ಕೆಲಸ ಕಲಿಯಬಹುದು. ಆದರೆ ಹೊಸ ಮನೆಗೆ ಜೆಸ್ಕಾಂ ಮೀಟರ್ ಬೇಕಾದರೆ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಸಹಿನೇ ಬೇಕು. ಕೋರ್ಸ್ ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು ಅಂಗಡಿ ಬೋರ್ಡ್ ಹಾಕಿಬಿಡ್ತಾರೆ.

ಸಂಡೂರು ಹೆಲ್ಪರ್

ಎಲ್ಲರಿಗೂ ಥ್ಯಾಂಕ್ಸ್. ಕುಡತಿನಿ ಅಣ್ಣಾ, ಒಂದೇ ಅನುಮಾನ. ಆರ್‌ಪಿಎಲ್ ಕಾಗದ ಬರುತ್ತೆ ಅಂತಲೇ ಇಟ್ಟುಕೊಳ್ಳೋಣ. ಟೆಸ್ಟಿಗೆ ಪ್ರಾಕ್ಟೀಸ್ ಎಲ್ಲಿ ಮಾಡಲಿ? ಸೈಟಿನಲ್ಲಿ ಪೈಪ್ ಮುಟ್ಟೋಕೆ ಬಿಡಲ್ಲ, ಮನೆಯಲ್ಲಿ ಮೆಷಿನ್ ಇಲ್ಲ. ಆ ಸೆಂಟರ್‌ಗೆ ದುಡ್ಡು ಕೊಡೋಣ ಅನಿಸಿದ್ದೇ ಅದಕ್ಕೆ. ಅಲ್ಲಿ ಮೆಷಿನ್, ರಾಡ್, ತುಂಡು ಎಲ್ಲಾ ಇರುತ್ತೆ.

ಐಟಿಐ ಮೇಷ್ಟ್ರು, ಲಿಂಗಸುಗೂರು

ಇದು ಒಳ್ಳೆ ಪ್ರಶ್ನೆ. ಮೂರು ತಿಂಗಳ ಕೋರ್ಸಿನಿಂದ ನಿಜವಾಗಿ ಸಿಗೋದು ಇದೇ, ಮೆಷಿನ್ ಮುಂದೆ ಕೂರೋ ಹೊತ್ತು. ಕೆಲವು ಸರ್ಕಾರಿ ಐಟಿಐಗಳಲ್ಲೂ ಸಣ್ಣ ಕೋರ್ಸ್ ನಡೆಯುತ್ತೆ. ಸಂಡೂರು, ಬಳ್ಳಾರಿ ಎರಡೂ ಕಡೆ ಹೋಗಿ ಕೇಳಿ, ಸಂಜೆ ಬ್ಯಾಚ್ ಇದೆಯಾ ಅಂತ. ಹೋದಾಗ ಆಫೀಸಿನಲ್ಲಿ ಮಾತ್ರ ಮಾತಾಡಿ ಬರಬೇಡಿ, ವರ್ಕ್‌ಶಾಪ್ ಒಳಗೆ ಹೋಗಿ. ಎಷ್ಟು ಬೂತ್ ಇದೆ, ಒಂದು ಮೆಷಿನ್‌ಗೆ ಎಷ್ಟು ಜನ, ಮೂಲೆಯಲ್ಲಿ ಸುಟ್ಟ ರಾಡಿನ ತುಂಡು ಬಿದ್ದಿವೆಯಾ ನೋಡಿ. ನೆಲ ತೀರಾ ಕ್ಲೀನ್ ಇದ್ದರೆ ಅಲ್ಲಿ ಸೇರಬೇಡಿ.

ಕುಡತಿನಿ ಹೋಲ್ಡರ್

ಮೇಷ್ಟ್ರ ನೆಲದ ಮಾತು ಸರಿ ಇದೆ.

ತಮ್ಮಾ, ಒಮ್ಮೆಲೇ 6ಜಿಗೆ ಹೋಗಬೇಡ. ಮೊದಲು ಪ್ಲೇಟಿನಲ್ಲಿ 3ಜಿ, ಕೆಳಗಿನಿಂದ ಮೇಲಕ್ಕೆ ಹೊಡೆಯೋದು. ಸ್ಟ್ರಕ್ಚರ್ ಕೆಲಸಕ್ಕೆ ಅದರಲ್ಲೇ ವೆಲ್ಡರ್ ಅಂತ ತಗೊಳ್ತಾರೆ, ಸಂಬಳನೂ ಏರುತ್ತೆ. ಪೈಪ್ ಆಮೇಲೆ. ಸೂಪರ್‌ವೈಸರ್ ಹತ್ತಿರ ಹೋಗಿ ನೇರವಾಗಿ ಕೇಳು: "ಕಾಗದ ತಂದರೆ 3ಜಿ ಟೆಸ್ಟಿಗೆ ಯಾವಾಗ ಕೂರಿಸ್ತೀರಿ?" ಅವನು ತಾರೀಕು ಹೇಳದೇ ಇದ್ದರೆ ಬೇರೆ ಕಾಂಟ್ರಾಕ್ಟರ್‌ನ ಕೇಳು. ಶಟ್‌ಡೌನ್ (ರಿಪೇರಿಗೆ ಪ್ಲಾಂಟ್ ನಿಲ್ಲಿಸೋ ಸಮಯ) ಹತ್ತಿರ ಬಂದಾಗ ವೆಲ್ಡರ್ ಸಿಗದೆ ಪರದಾಡ್ತಿರ್ತಾರೆ, ಆಗ ಕೇಳಿದರೆ ಬೇಗ ಆಗುತ್ತೆ.

ನಮ್ಮ ಶೆಡ್‌ನಲ್ಲಿ 10 ಎಂಎಂ ಪ್ಲೇಟಿನ ತುಂಡುಗಳು ಬಿದ್ದಿವೆ. ಭಾನುವಾರ ಮೆಷಿನ್ ಖಾಲಿ ಇರುತ್ತೆ. ಮೆಸೇಜ್ ಮಾಡು. ರಾಡು ಮಾತ್ರ ನಿನ್ನದೇ, 3.15 ಎಂಎಂನ 7018 ಒಂದು ಪ್ಯಾಕೆಟ್ ತಗೊಂಡು ಬಾ.

ಸಂಡೂರು ಹೆಲ್ಪರ್

ಬರ್ತೀನಿ ಅಣ್ಣಾ. ಮೆಸೇಜ್ ಮಾಡಿದ್ದೀನಿ ನೋಡಿ.

ಸಿಂಧನೂರು ಕರೆಂಟ್

ಪ್ಯಾಕೆಟ್ ತಗೊಳ್ಳುವಾಗ ಸೀಲ್ ನೋಡ್ಕೊಳಪ್ಪ. ಒಡೆದ ಪ್ಯಾಕೆಟ್ ಆದರೆ ಅಣ್ಣ ವಾಪಸ್ ಕಳಿಸ್ತಾರೆ.