ಸ್ಥಾಯಿ ಬೇರೆ, ಗಟ್ಟಿತನ ಬೇರೆ: ಮಕ್ಕಳಿಗೆ ಹೇಗೆ ತಿಳಿಸುವುದು?

ಕೇಳಿದವರು, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ:
ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡುತ್ತಿದ್ದೇನೆ. ಆವೃತ್ತಿ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ಹೆಚ್ಚಿದರೆ ಸ್ಥಾಯಿ (ದನಿಯ ಕೀರಲುತನ) ಏರುತ್ತದೆ, ಕಂಪನದ ವಿಸ್ತಾರ ಹೆಚ್ಚಿದರೆ ಶಬ್ದ ಗಟ್ಟಿಯಾಗುತ್ತದೆ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಮೇಲಿನ ಸ್ಥಾಯಿಯಲ್ಲಿ ಹಾಡಿ ಎಂದರೆ ಮಾತ್ರ ಕಿರುಚುತ್ತಾರೆ. ಪ್ರಯೋಗಾಲಯದಲ್ಲಿರುವುದು ಒಂದೇ ಟ್ಯೂನಿಂಗ್ ಫೋರ್ಕ್. ಬಲ್ಲವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಶಿಕ್ಷಕರು:
ಮೇಡಂ, ಈ ಗೊಂದಲ ನಮ್ಮ ಮಾತಿನಲ್ಲೇ ಇದೆ. ‘ಏರುದನಿ’ ಎಂಬ ಒಂದೇ ಪದದಲ್ಲಿ ನಾವು ಜೋರನ್ನೂ ಸ್ಥಾಯಿಯನ್ನೂ ಸೇರಿಸಿಬಿಡುತ್ತೇವೆ. ಆದ್ದರಿಂದ ನಾನು ‘ದಪ್ಪ ದನಿ, ಕೀರಲು ದನಿ’ ಎಂಬ ಜೋಡಿಯಿಂದ ಪಾಠ ಆರಂಭಿಸಿ, ‘ಮೆಲ್ಲಗೆ, ಜೋರಾಗಿ’ ಎಂಬುದನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಿದ್ದೆ. ಉಪಕರಣವೆಂದರೆ ಉಕ್ಕಿನ ಒಂದು ಸ್ಕೇಲ್. ಅದರ ಒಂದು ತುದಿಯನ್ನು ಮೇಜಿನ ಅಂಚಿಗೆ ಬಲವಾಗಿ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಮೀಟಿದಾಗ, ಹೊರಚಾಚಿದ ಭಾಗ ಗಿಡ್ಡವಾದಷ್ಟೂ ದನಿ ಕೀರಲಾಗುತ್ತದೆ. ಅಷ್ಟೇ ಉದ್ದವನ್ನು ಇಟ್ಟುಕೊಂಡು ಹೆಚ್ಚು ಬಗ್ಗಿಸಿ ಬಿಟ್ಟರೆ ಶಬ್ದ ಜೋರಾಗುತ್ತದೆಯೇ ಹೊರತು ದನಿಯ ಸ್ಥಾಯಿ ಕದಲುವುದಿಲ್ಲ. ಸ್ಕೇಲನ್ನು ಬಹಳ ಉದ್ದಕ್ಕೆ ಚಾಚಿದ್ದಾಗ ಒಬ್ಬ ಹುಡುಗ, ‘ಅಲುಗುವುದು ಕಾಣುತ್ತದೆ, ಕೇಳುವುದಿಲ್ಲವಲ್ಲ ಸರ್?’ ಎಂದು ಕೇಳಿದ್ದ. ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳು ಮಾತ್ರ ನಮ್ಮ ಕಿವಿಗೆ ಕೇಳಿಸುತ್ತವೆ ಎಂಬ ಸಾಲನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಗಲಿಲ್ಲ.

ಶ್ರವಣ ತಜ್ಞೆ:
ಸರ್ ಹೇಳಿದ ಪ್ರಯೋಗವನ್ನು ಖಂಡಿತ ಮಾಡಿಸಿ. ಆದರೆ ಗಟ್ಟಿತನವನ್ನು ಕಂಪನದ ವಿಸ್ತಾರವೊಂದೇ ನಿರ್ಧರಿಸುವುದಿಲ್ಲ, ಅದರಲ್ಲಿ ಕಿವಿಯ ಪಾಲೂ ಇದೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳವು 3,000 ಹರ್ಟ್ಸ್ (ಸೆಕೆಂಡಿಗೆ 3,000 ಕಂಪನ) ಆಸುಪಾಸಿನ ಶಬ್ದಕ್ಕೆ ಅನುರಣಿಸುವುದರಿಂದ, ಅಂದರೆ ತಾನೂ ಜೊತೆಗೂಡಿ ಅದನ್ನು ಹಿಗ್ಗಿಸುವುದರಿಂದ, ಅಷ್ಟೇ ತೀವ್ರತೆಯ 100 ಹರ್ಟ್ಸ್ ಶಬ್ದಕ್ಕಿಂತ ಅದು ಬಹಳ ಜೋರಾಗಿ ಕೇಳುತ್ತದೆ. ತೀವ್ರತೆ 10 ಪಟ್ಟು ಹೆಚ್ಚಿದರೆ ಶಬ್ದದ ಮಟ್ಟವನ್ನು ಅಳೆಯುವ ಮಾನವಾದ ಡೆಸಿಬೆಲ್‌ನಲ್ಲಿ 10 ಏರುತ್ತದೆ, ಕಿವಿಗೆ ಮಾತ್ರ ಸುಮಾರು ಇಮ್ಮಡಿಯಾದಂತೆ ಅನಿಸುತ್ತದೆ. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಹೆಚ್ಚಿನ ಆವೃತ್ತಿಗಳು ಬುಡದಲ್ಲೂ ಕಡಿಮೆಯವು ತುದಿಯಲ್ಲೂ ಗ್ರಹಿಕೆಯಾಗುತ್ತವೆ. ಅಲ್ಲಿ ಅಲೆಗಳು ಸಾಗುವ ಬಗೆಯನ್ನು ತೋರಿಸಿದ ಗೇಯೋರ್ಗ್ ಫಾನ್ ಬೇಕೇಶಿಯವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವಯಸ್ಸಾದಂತೆ ಮೊದಲು ಸೊರಗುವುದು ಆ ಬುಡದ ಭಾಗವೇ. ‘ಕೇಳಿಸುತ್ತದಮ್ಮ, ಏನು ಹೇಳಿದರೆಂದು ತಿಳಿಯುವುದಿಲ್ಲ’ ಎನ್ನುವ ಅಜ್ಜಂದಿರನ್ನು ನಾನು ದಿನವೂ ನೋಡುತ್ತೇನೆ. ‘ಅ, ಆ’ ಮುಂತಾದ ಸ್ವರಗಳು ಅವರಿಗೆ ಕೇಳುತ್ತವೆ. ಹೆಚ್ಚಿನ ಆವೃತ್ತಿಯ ‘ಸ’ಕಾರದಂಥ ವ್ಯಂಜನಗಳು ತಪ್ಪಿಹೋಗುತ್ತವೆ. ಅವರ ಮುಂದೆ ಕೂಗಾಡಿದರೆ ಸ್ವರಗಳಷ್ಟೇ ಇನ್ನೂ ಜೋರಾಗುತ್ತವೆ.

ಸಂಗೀತ ಪಾಠ ಹೇಳುವವರು:
ಮೂರನೆಯ ಗುಣವನ್ನು, ಅಂದರೆ ನಾದದ ಬಣ್ಣವನ್ನು, ಯಾರೂ ಮುಟ್ಟಲಿಲ್ಲ. ಮಕ್ಕಳಿಂದ ಒಂದೇ ಷಡ್ಜವನ್ನು ಒಂದೇ ಉಸಿರಿನಲ್ಲಿ ‘ಆ… ಈ… ಊ…’ ಎಂದು ಹಾಡಿಸಿ. ಸ್ಥಾಯಿ ಅದೇ, ಜೋರೂ ಹೆಚ್ಚುಕಡಿಮೆ ಅದೇ. ಬದಲಾಗುವುದು ಮೂಲ ಕಂಪನದ ಜೊತೆ ಹೊರಡುವ ಉಪಸ್ವರಗಳ, ಅಂದರೆ ಅದಕ್ಕಿಂತ ಮೇಲಿನ ಆವೃತ್ತಿಯ ಸಣ್ಣ ಕಂಪನಗಳ, ಪ್ರಮಾಣ. ತಂಬೂರಿ ಸಿಕ್ಕಿದರೆ ಇನ್ನೂ ಒಳ್ಳೆಯದು: ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ ತಂತಿಯಡಿ ಇರುವ ನೂಲನ್ನು ತೆಗೆದು ಒಮ್ಮೆ, ಇಟ್ಟು ಒಮ್ಮೆ ಮೀಟಿ. ನೂಲಿಲ್ಲದ ತಂತಿ ಬಡಕಲಾಗಿ ಕೇಳುತ್ತದೆ, ನೂಲಿನ ಜಾಗ ಸರಿಹೋದೊಡನೆ ಅದೇ ಶ್ರುತಿಯಲ್ಲಿ ಝೇಂಕಾರ ಏಳುತ್ತದೆ. ಸಿ. ವಿ. ರಾಮನ್ ಅವರು ನಮ್ಮ ತಂತಿವಾದ್ಯಗಳ ಈ ಗುಣವನ್ನೂ, ಚರ್ಮದ ನಡುವಿನ ಕಪ್ಪು ಲೇಪವಾದ ಕರಣೆಯಿಂದಾಗಿ ಮೃದಂಗದ ಉಪಸ್ವರಗಳು ಹೊಂದಿಕೊಳ್ಳುವ ಬಗೆಯನ್ನೂ 1920ರ ಆಸುಪಾಸಿನಲ್ಲೇ ಅಭ್ಯಾಸ ಮಾಡಿದ್ದರು.

ಇನ್ನೊಬ್ಬರು:
ಇದೇ ಪಾಠದಲ್ಲಿ ಶಬ್ದದ ವೇಗವನ್ನೂ ತೋರಿಸಬೇಕೆಂದರೆ ಕೆರೆಯ ದಡ ಸಾಕು. ಆಚೆ ದಡದಲ್ಲಿ ಬಟ್ಟೆ ಕಲ್ಲಿಗೆ ಬಿದ್ದದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಸಪ್ಪಳ ಆಮೇಲೆ ಬರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, 170 ಮೀಟರ್ ದೂರಕ್ಕೆ ಅರ್ಧ ಸೆಕೆಂಡಿನ ಅಂತರ ಎದ್ದು ಕಾಣುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸ್ಕೇಲ್ ಮತ್ತು ‘ಆ ಈ ಊ’ ಎರಡನ್ನೂ ಮಾಡಿಸಿದೆ, ಕಿರುಚಾಟ ನಿಂತಿದೆ. ಸ್ಕೇಲ್ ತೀರ ಗಿಡ್ಡವಾದಾಗ ಶಬ್ದವೂ ಕುಗ್ಗುವುದರಿಂದ ಮಕ್ಕಳು ಅದನ್ನು ‘ಸಣ್ಣ ದನಿ’ ಎಂದು ಮತ್ತೆ ಬೆರೆಸಿದರು, ಆ ಹಂತದಲ್ಲಿ ಎಚ್ಚರವಿರಲಿ. ಕೊನೆಯಲ್ಲಿ ಮೊಬೈಲಿನಿಂದ 15,000 ಹರ್ಟ್ಸ್ ಶಬ್ದ ಹಾಕಿದೆ. ಏನೂ ಬರುತ್ತಿಲ್ಲವಲ್ಲ ಎಂದು ನಾನು ಮೊಬೈಲನ್ನು ತಟ್ಟುತ್ತಿದ್ದರೆ, ಮುಂದಿನ ಬೆಂಚಿನವರೆಲ್ಲ ಕಿವಿ ಮುಚ್ಚಿಕೊಂಡು ಕುಳಿತಿದ್ದರು.