ಎಚ್‌ಐವಿ ಇರುವ ಗರ್ಭಿಣಿ ಬಾಣಂತನಕ್ಕೆ ತವರಿಗೆ ಹೋಗುವಾಗ ಏನೇನು ಮೊದಲೇ ಗೊತ್ತುಮಾಡಬೇಕು?

ಸಮುದಾಯ ಕಾರ್ಯಕರ್ತೆ:
ಚೊಚ್ಚಲ ಗರ್ಭಿಣಿ, ಏಳನೇ ತಿಂಗಳು. ಎಚ್‌ಐವಿ ಹತೋಟಿಗೆ ದಿನಾ ನುಂಗುವ ಟಿಎಲ್‌ಡಿ ಮಾತ್ರೆ ತಪ್ಪದೆ ತಗೊಳ್ತಿದ್ದಾರೆ, ಗಂಡನಿಗೂ ವಿಷಯ ಗೊತ್ತು. ಸೀಮಂತ ಮುಗಿಸಿಕೊಂಡು ಬೇರೆ ಜಿಲ್ಲೆಯ ತವರಿಗೆ ಹೋದರೆ ಐದಾರು ತಿಂಗಳು ಅಲ್ಲೇ. ತಾಯಿಗೆ, ಅಜ್ಜಿಗೆ ಏನೂ ಗೊತ್ತಿಲ್ಲ. ಮಾತ್ರೆ, ಹೆರಿಗೆ, ಮಗುವಿನ ಸಿರಪ್, ಹಾಲು ಕುಡಿಸೋದು, ಇದೆಲ್ಲ ಅಲ್ಲಿ ಹೇಗೆ ನಡೆಸೋದು? ತವರಿನಲ್ಲಿ ಯಾರಿಗಾದರೂ ಹೇಳಲೇಬೇಕಾ?

ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಕೇಂದ್ರ) ಆಪ್ತಸಮಾಲೋಚಕಿ:
ಹೇಳಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ ಮೇಡಂ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಆಕೆಯ ಒಪ್ಪಿಗೆ ಇಲ್ಲದೆ ನೀವೂ ತಾಯಿಗೆ ಹೇಳುವ ಹಾಗಿಲ್ಲ. ಆದರೆ ತವರಿನಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಹೆಚ್ಚು ಒಳ್ಳೆಯದು: ಅಕ್ಕ, ಅತ್ತಿಗೆ, ಯಾರಾದರೂ ಸರಿ. ಹೆರಿಗೆ ನೋವು ಶುರುವಾದ ರಾತ್ರಿ ಚಿಕಿತ್ಸೆಯ ವಿವರ ಇರುವ ಹಸಿರು ಪುಸ್ತಕ ಎತ್ತಿಕೊಂಡು ಹೊರಡುವವರು, ಸಿಸೇರಿಯನ್ ಆದರೆ ಮಾತ್ರೆ ಕೈಗೆ ಕೊಡುವವರು ಬೇಕಲ್ಲ. ಯಾರು ಅಂತ ಆಕೆಯೇ ಆರಿಸಲಿ. ಹೇಳುವಾಗ ಪಕ್ಕದಲ್ಲಿ ಸಮಾಲೋಚಕರು ಇರಬೇಕಾದರೆ ಅಲ್ಲಿನ ಐಸಿಟಿಸಿಯಲ್ಲಿ ಕೇಳಿಕೊಳ್ಳಬಹುದು.

ಹೊರಡುವ ಮೊದಲು ಈಗ ಮಾತ್ರೆ ಕೊಡುತ್ತಿರುವ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರಿನಲ್ಲಿ ತವರಿನ ಹತ್ತಿರದ ಸೆಂಟರಿಗೆ ಪತ್ರ ಬರೆಸಿ, ಕೈಯಲ್ಲಿ ಸಾಕಷ್ಟು ಮಾತ್ರೆ ಇಟ್ಟುಕೊಂಡು ಹೋಗಲಿ. ಅಷ್ಟಕ್ಕೇ ಕೆಲಸ ಮುಗಿಯಲ್ಲ. 32ರಿಂದ 36ನೇ ವಾರದೊಳಗೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ನೋಡಬೇಕು, ಅಷ್ಟು ಹೊತ್ತಿಗೆ ಆಕೆ ತವರಿನಲ್ಲಿರ್ತಾರೆ. ಇಲ್ಲಿಯವರು ಅಲ್ಲಿ ಮಾಡ್ತಾರೆ ಅಂದುಕೊಳ್ತಾರೆ, ಅಲ್ಲಿಯವರಿಗೆ ಆಕೆ ಬಂದಿರೋದೇ ಗೊತ್ತಿರಲ್ಲ. ಹಾಗೇ ಪರೀಕ್ಷೆ ತಪ್ಪಿಹೋಗುತ್ತೆ. ಲೋಡ್ 1000 ದಾಟಿದ್ದರೆ ಮಗುವಿನ ಔಷಧಿಯೇ ಬದಲಾಗುತ್ತೆ, ಆದ್ದರಿಂದ ಆ ತಾರೀಕು ಬರೆದು ಕೊಡಿ. ರಿಪೋರ್ಟ್ ಯಾವ ಫೋನಿಗೆ ಬರಬೇಕು ಅನ್ನೋದನ್ನೂ ಸ್ಪಷ್ಟಪಡಿಸಿ, ಮನೆಯವರೆಲ್ಲ ಎತ್ತುವ ಫೋನ್ ಆಗಬಾರದು.

ಬಾಟಲಿಯ ಲೇಬಲ್ ಕಿತ್ತು ಹಾಕಬಹುದು. ಮಾತ್ರೆಗಳನ್ನು ಮಾತ್ರ ಬೇರೆ ಡಬ್ಬಿಗೆ ಸುರಿಯಬಾರದು, ತೇವ ಹೀರುವ ಪೊಟ್ಟಣ ಇರೋದು ಆ ಬಾಟಲಿಯಲ್ಲೇ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆ ನುಂಗಿದರೆ ಅದರೊಳಗಿನ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತಲ್ಲ. ಊಟದ ಜೊತೆ ಆದರೆ ಒಟ್ಟಿಗೆ ತಗೊಳ್ಳಬಹುದು. ಇಲ್ಲದಿದ್ದರೆ ಟಿಎಲ್‌ಡಿ ಮೊದಲು, ಎರಡು ಗಂಟೆ ಬಿಟ್ಟು ಅವು.

ಹೆರಿಗೆ ವಾರ್ಡ್ ನರ್ಸ್:
ಹೆರಿಗೆ ಎಲ್ಲಿ ಅಂತ ಈಗಲೇ ತೀರ್ಮಾನಿಸಿ, ಅಲ್ಲಿ ಮಗುವಿಗೆ ಎಚ್‌ಐವಿ ತಗಲದಂತೆ ಕೊಡುವ ನೆವಿರಪಿನ್ ಸಿರಪ್ ಇದೆಯಾ ಅಂತ ಫೋನ್ ಮಾಡಿ ಕೇಳಿ. ಹುಟ್ಟಿದ ಕೂಡಲೇ ಶುರುವಾಗಬೇಕು. 2.5 ಕೆ.ಜಿ. ಮೀರಿದ ಮಗುವಿಗೆ ದಿನಕ್ಕೊಮ್ಮೆ 1.5 ಎಂ.ಎಲ್., 2ರಿಂದ 2.5 ಕೆ.ಜಿ. ಇದ್ದರೆ 1 ಎಂ.ಎಲ್., ಅದಕ್ಕೂ ಕಡಿಮೆ ಇದ್ದರೆ ಡಾಕ್ಟರು ಲೆಕ್ಕ ಹಾಕಿ ಹೇಳ್ತಾರೆ. ತಾಯಿಯ ವೈರಲ್ ಲೋಡ್ ಹತೋಟಿಯಲ್ಲಿದ್ದರೆ ಆರು ವಾರ. ಚಮಚದಲ್ಲಿ ಅಂದಾಜು ಮಾಡಬಾರದು, ಸಿರಿಂಜಿನಲ್ಲಿ ಅಳೆಯೋದನ್ನು ವಾರ್ಡ್ ಬಿಡುವ ಮೊದಲು ಆಕೆಯ ಕೈಯಲ್ಲೇ ಮಾಡಿಸಿ ನೋಡಿ. ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ನನಗೆ ಹೆಚ್ಚು ಭಯ ಅಜ್ಜಿಯರ ಪ್ರೀತಿಯದ್ದು. ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ, ಗುಟ್ಟಿ, ಗ್ರೈಪ್ ವಾಟರ್. ಮೊಲೆಹಾಲಿನ ಜೊತೆ ಇವು ಸೇರಿದರೆ ಮಗುವಿನ ಎಳೆಯ ಕರುಳು ಕೆರಳಿ ವೈರಸ್ ಒಳಗೆ ಹೋಗಲು ದಾರಿಯಾಗುತ್ತೆ. ಆರು ತಿಂಗಳು ಬರೀ ಮೊಲೆಹಾಲು, ಡಾಕ್ಟರು ಬರೆದ ಔಷಧಿ ಮತ್ತು ಲಸಿಕೆ ಬಿಟ್ಟು ಬೇರೇನೂ ಬೇಡ. ಮೊಲೆತೊಟ್ಟು ಒಡೆದು ರಕ್ತ ಬಂದರೆ ಆ ಕಡೆಯ ಹಾಲು ಹಿಂಡಿ ಚೆಲ್ಲಿ, ಇನ್ನೊಂದು ಕಡೆ ಕುಡಿಸುತ್ತಾ ಆಸ್ಪತ್ರೆಗೆ ಬರಲಿ.

ಸಮುದಾಯ ಕಾರ್ಯಕರ್ತೆ:
ಸಿಸ್ಟರ್, ಅಜ್ಜಿಯನ್ನು ತಡೆದರೆ "ಯಾಕೆ" ಅಂತ ಕೇಳೇ ಕೇಳ್ತಾರೆ.

ಹೆರಿಗೆ ವಾರ್ಡ್ ನರ್ಸ್:
ಆರು ತಿಂಗಳು ನೀರೂ ಬೇಡ ಅನ್ನೋದು ಎಲ್ಲ ಮಕ್ಕಳಿಗೂ ಹೇಳುವ ಮಾತು, ಅದರಿಂದ ಗುಟ್ಟು ಹೊರಬೀಳಲ್ಲ. ಊರಿನ ಆಶಾ ಅಥವಾ ಎಎನ್‌ಎಂ ಮನೆಗೆ ಬಂದಾಗ ಅಜ್ಜಿಯ ಎದುರೇ ಹೇಳಲಿ. ಸೊಸೆಯೋ ಮೊಮ್ಮಗಳೋ ಹೇಳಿದರೆ ಎದುರಾಡಿದ ಹಾಗೆ ಕಾಣುತ್ತೆ. ಜೊತೆಗೆ ಅಜ್ಜಿಗೆ ಬೇರೆ ಕೆಲಸ ಕೊಡಿ: ಮಗುವಿಗೆ ಎಣ್ಣೆ ಹಚ್ಚಿ ಎರೆಯೋದು, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸೋದು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನು ಮಾತ್ರ ಬಿಡಿಸಿ.

ಸಹಾಯ ಕೇಂದ್ರದ ಕ್ಷೇತ್ರ ಕಾರ್ಯಕರ್ತ:
ಇನ್ನೊಂದೆರಡು ವಿಷಯ. ತಾಯಿ ಕಾರ್ಡ್ ತೋರಿಸಿ ತವರಿನ ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಮಾತೃಪೂರ್ಣ ಊಟ ಅಲ್ಲೂ ಸಿಗುತ್ತೆ. ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟ್ ಖರ್ಚಿಲ್ಲ. ಹಾಗಾಗಿ ಊರಿನವರ ಕಣ್ಣು ತಪ್ಪಿಸಲು ಸ್ವಲ್ಪ ದೂರದ ಎಆರ್‌ಟಿ ಸೆಂಟರ್ ಆರಿಸಿಕೊಂಡರೂ ನಡೆಯುತ್ತೆ. ಯಾರಾದರೂ ಕೇಸ್ ಶೀಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ, ಬೇರೆ ಮಂಚಕ್ಕೆ ತಳ್ಳಿದರೆ ಅದು ಕಾನೂನಿಗೆ ವಿರುದ್ಧ. 1097 ಉಚಿತ ಸಹಾಯವಾಣಿಗೆ ಫೋನ್ ಮಾಡಿ ದೂರು ಎಲ್ಲಿ ಕೊಡಬೇಕು ಅಂತ ಕೇಳಿ.

ಹೆರಿಗೆಯಾದ ಮೇಲಿನ ತಿಂಗಳುಗಳಲ್ಲೇ ಮಾತ್ರೆ ಬಿಟ್ಟುಹೋಗೋದು ಹೆಚ್ಚು. ನಿದ್ದೆ ಇರಲ್ಲ, ಮಗುವಿಗೆ ಬಂದುಬಿಟ್ಟರೆ ಅನ್ನುವ ಭಯ ಬೇರೆ. ಅದೇ ಹಾದಿಯಲ್ಲಿ ಬಂದ ಇನ್ನೊಬ್ಬ ತಾಯಿ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿದರೆ ಆಗುವಷ್ಟು ಧೈರ್ಯ ನಮ್ಮ ಉಪದೇಶದಿಂದ ಆಗಲ್ಲ. ಜಿಲ್ಲೆಯ ಎಚ್‌ಐವಿ ಸೋಂಕಿತರ ಸಂಘದಲ್ಲಿ ಕೇಳಿದರೆ ಅಂಥವರು ಸಿಗ್ತಾರೆ. ಎರಡು ವಾರ ದಾಟಿಯೂ ಅಳು, ಬೇಸರ ಹೋಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಕನ್ನಡದಲ್ಲೇ ಮಾತಾಡ್ತಾರೆ.

ಮಗುವಿಗೆ ಆರನೇ ವಾರದಲ್ಲಿ ಮೊದಲ ರಕ್ತಪರೀಕ್ಷೆ, ಅದೂ ತವರಿನಲ್ಲೇ ಬರುತ್ತೆ. ಅದೇ ಹೊತ್ತಿಗೆ ಬೇರೆ ಸೋಂಕು ತಡೆಯುವ ಕೋಟ್ರಿಮಾಕ್ಸಜೋಲ್ ಔಷಧಿ ಶುರುವಾಗುತ್ತೆ. ಮತ್ತೆ ಆರನೇ ತಿಂಗಳಿಗೆ ಪರೀಕ್ಷೆ, ಕೊನೆಯ ತೀರ್ಮಾನ 18 ತಿಂಗಳಿಗೆ. ಗಂಡನ ಮನೆಗೆ ಹೊರಟಾಗ ಮಗುವಿನ ಕಾಗದಗಳ ಸಮೇತ ಹಳೆಯ ಸೆಂಟರಿಗೆ ವಾಪಸ್ ಪತ್ರ ಬರೆಸೋದು ಮರೆಯಬೇಡಿ. ತಾಯಿಯದು ಬಂದು ಮಗುವಿನದು ತವರಿನ ಸೆಂಟರಿನಲ್ಲೇ ಉಳಿದುಬಿಟ್ಟರೆ ಮುಂದಿನ ಪರೀಕ್ಷೆಗೆ ಯಾರೂ ಕರೆಯಲ್ಲ.