ಅಣಬೆ ಹೊದಿಕೆ ಬಗ್ಗೆ ಉದ್ದನೆ ಉತ್ತರ, ಕಡ್ಡಿ ಪಕ್ಕಕ್ಕಿಟ್ಟು ಕೇಳಿ

ಹಾಂ, ಎಲ್ರಿಗೂ ನಮಸ್ಕಾರ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. ಕ್ರೋಷೆ ಕಡ್ಡೀಲಿ ಚೌಕಗಳನ್ನ ಹೆಣೆದು, ಒಂದು ಬಿಟ್ಟು ಒಂದರ ಮೇಲೆ ಅಣಬೆ ಹೊಲಿದು, ಎಲ್ಲಾ ಜೋಡಿಸಿ ಮಾಡೋ ಹೊದಿಕೆ ಮಾತಿದು. ಪುಟ್ಟಿ ಬೆಳಗ್ಗೆ ಫೋಟೋ ಹಾಕಿದ್ಲಲ್ಲ, ಕೆಂಪು ಅಣಬೆ ತಲೆ ಚಪ್ಪಟೆ ಕೂರದೆ ಬಟ್ಟಲಿನ ಥರ ಮೇಲೇಳ್ತಿದೆ ಅಂತ. ಅತ್ತಿಗೆ ಕೇಳಿದ್ದು ಎಷ್ಟು ಉಲ್ಲನ್ ಬೇಕು, ಕಾಟನ್ನಾ ಅಕ್ರಿಲಿಕ್ಕಾ ಅಂತ. ಚಿಕ್ಕಮ್ಮ ಕೇಳಿದ್ದು ಸೀರೆಗೆ ಕುಚ್ಚು ಹಾಕೋ ಕಡ್ಡೀಲೇ ಆಗುತ್ತಾ ಅಂತ. ಮೊದಲು ಪುಟ್ಟೀದು.

ಪುಟ್ಟಿ, ನಿನ್ನ ಫೋಟೋ ದೊಡ್ಡದು ಮಾಡಿ ಎಣಿಸಿದೆ. ಕೊನೇ ಸಾಲಲ್ಲಿ 16 ಕಂಬ, ಅಂದ್ರೆ ಉದ್ದನೆ ಹೊಲಿಗೆ, ಇದೆ. ಅಲ್ಲಿ 24 ಇರಬೇಕು. ಕೈ ಬಿಗಿ ಅಂತ ಬೇಜಾರು ಮಾಡ್ಕೋಬೇಡ, ತಪ್ಪು ಅದಲ್ಲ. ಪ್ರತಿ ಸಾಲಿನ ಕೊನೇಲಿ ಹಿಂದಿನ ಸಾಲು ಶುರು ಮಾಡಿದ 3 ಚೈನ್, ಅಂದ್ರೆ ಸರಪಳಿ ಕುಣಿಕೆ, ಇರುತ್ತಲ್ಲ, ಅದೂ ಒಂದು ಕಂಬದ ಲೆಕ್ಕ. ಅದರ ತಲೆಗೆ ಕಡ್ಡಿ ಹಾಕದೆ ಬಿಟ್ಟುಬಿಟ್ಟಿದೀಯ. ಹಾಗೆ ಬಿಟ್ರೆ ಲೆಕ್ಕ 6, 10, 13, 16 ಅಂತ ಹೋಗುತ್ತೆ. ಬಿಡದೆ ಹಾಕಿದ್ರೆ 6, 12, 18, 24. ನಿಂದು ಸರಿಯಾಗಿ 16ಕ್ಕೇ ಬಂದು ನಿಂತಿದೆ ಅಂದ್ರೆ ಮೂರು ಸಾಲಲ್ಲೂ ಅದನ್ನೇ ಬಿಟ್ಟಿದೀಯ ಅಂತ. ಅಂಚು ಎಷ್ಟು ಅಗಲ ಆಗಬೇಕೋ ಅಷ್ಟು ಕಂಬ ಇಲ್ಲದಿದ್ರೆ ಅದು ಒಳಕ್ಕೆ ಎಳೆದು ಬಟ್ಟಲಾಗುತ್ತೆ. ಜಾಸ್ತಿ ಆದ್ರೆ ಉಲ್ಟಾ, ಲಂಗದ ನಿರಿಗೆ ಥರ ಅಲೆ ಅಲೆ. ಎರಡಕ್ಕೂ ಇಸ್ತ್ರಿ ಮದ್ದಲ್ಲ, ಎಣಿಸೋದೇ ಮದ್ದು.

ನಾನು ಕಂಬ ಅಂತಿರೋದು ಕಡ್ಡಿಗೆ ದಾರ ಒಂದು ಸಲ ಸುತ್ತಿ ಹಾಕೋದು. ಅಮೆರಿಕದ ಪ್ಯಾಟರ್ನಲ್ಲಿ ಅದಕ್ಕೆ ಡಬಲ್ ಕ್ರೋಷೆ ಅಂತಾರೆ, ಇಂಗ್ಲೆಂಡಿನ ಪ್ಯಾಟರ್ನಲ್ಲಿ ಅದೇ ಟ್ರೆಬಲ್. ದಾರ ಸುತ್ತದೆ ಹಾಕೋದು ಅಮೆರಿಕಕ್ಕೆ ಸಿಂಗಲ್, ಇಂಗ್ಲೆಂಡಿಗೆ ಡಬಲ್. ಯೂಟ್ಯೂಬಲ್ಲಿ ನೋಡಿ ಹಾಕೋರೆಲ್ಲ ಮುಗ್ಗರಿಸೋದು ಇಲ್ಲೇ. ಪ್ಯಾಟರ್ನಲ್ಲಿ ಸಿಂಗಲ್ ಅನ್ನೋ ಪದ ಎಲ್ಲಾದ್ರೂ ಕಂಡ್ರೆ ಅದು ಅಮೆರಿಕದ್ದು ಅಂದ್ಕೊಳ್ಳಿ. ನಾನೂ ಅದೇ ಲೆಕ್ಕದಲ್ಲೇ ಹೇಳ್ತೀನಿ.

ಈಗ ತಲೆ ಪೂರ್ತಿ ಹೇಳ್ತೀನಿ ಕೇಳು. 8 ಪ್ಲೈ, ಅಂದ್ರೆ ಮಧ್ಯಮ ದಪ್ಪದ, ಕೆಂಪು ದಾರ, 4 ಮಿಮೀ ಕಡ್ಡಿ. ಮ್ಯಾಜಿಕ್ ರಿಂಗ್, ಅಂದ್ರೆ ಎಳೆದ್ರೆ ಬಿಗಿಯಾಗೋ ದಾರದ ಉಂಗುರ, ಮಾಡಿ 3 ಚೈನ್, 5 ಕಂಬ, ಒಟ್ಟು 6. ರಿಂಗ್ ಬಿಗಿಯಾಗಿ ಎಳಿ, ಆದ್ರೆ ತುದಿಗೆ ತುದಿ ಸೇರಿಸಬೇಡ, ನಮಗೆ ಬೇಕಿರೋದು ಅರ್ಧ ಚಂದ್ರ. ತಿರುಗಿಸಿ, ಒಂದೊಂದರಲ್ಲೂ 2 ಕಂಬ, 12. ತಿರುಗಿಸಿ, ಒಂದರಲ್ಲಿ 1, ಮುಂದಿನದರಲ್ಲಿ 2, ಹೀಗೇ ಕೊನೇ ತನಕ, 18. ತಿರುಗಿಸಿ, 1, 1, 2, ಹೀಗೇ, 24. ಎರಡನೇ ಸಾಲಿಂದ ಆಚೆಗೆ ಪ್ರತಿ ಸಾಲಿನ ಕೊನೇ 2 ಕಂಬ ಆ ಚೈನ್ ತಲೆಯೊಳಗೇ ಬೀಳಬೇಕು. ಬಿದ್ದಿಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ ಬಿಚ್ಚು, ಮುಂದೆ ಹೋಗಿ ಸರಿ ಮಾಡ್ತೀನಿ ಅಂದ್ರೆ ಆಗಲ್ಲ. ಅಗಲ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಬರುತ್ತೆ. ಆಮೇಲೆ ಬಿಳಿ ದಾರದಲ್ಲಿ ನೆಟ್ಟಗಿರೋ ಅಂಚಿನ ಮೇಲೆ ಒಂದು ಸಾಲು ಸಿಂಗಲ್. ಒಂದೊಂದು ಸಾಲಿನ ಪಕ್ಕಕ್ಕೆ 2, ಮಧ್ಯದ ರಿಂಗಿಗೆ 1, ಒಟ್ಟು 17. ಕೊಡೆಯ ಅಡಿಭಾಗ ಅಂತ ಅನ್ನಿಸೋದೇ ಈ ಒಂದು ಸಾಲಿಂದ.

ದಂಟು ಸುಲಭ. ಬಿಳಿಯಲ್ಲಿ 7 ಚೈನ್, ಎರಡನೇ ಚೈನಿಂದ 6 ಸಿಂಗಲ್, ಹಾಗೇ 8 ಸಾಲು. ಕೊನೇ 2 ಸಾಲು ಬಂದಾಗ ಒಂದೇ ಸಲ ಎರಡೂ ಬದಿ ಒಂದೊಂದು ಜಾಸ್ತಿ ಮಾಡಿ 8ಕ್ಕೆ ಹೋದ್ರೆ ಬುಡ ದಪ್ಪ ಕಾಣುತ್ತೆ.

ಚುಕ್ಕಿ ವಿಷಯಕ್ಕೆ ಬರ್ತೀನಿ. ಎಲ್ರೂ ಪುಟಾಣಿ ಬಿಳಿ ಬಿಲ್ಲೆ ಬೇರೆ ಹೆಣೆದು ಹೊಲೀತಾರೆ, ನೋಡೋಕೆ ಚಂದವೇ. ಆದ್ರೆ ದಾರದ ತುದಿ ಲೆಕ್ಕ ಹಾಕಿ ನೋಡಿ. ಒಂದು ಅಣಬೆಗೆ 5 ಬಿಲ್ಲೆ ಅಂದ್ರೆ 10 ತುದಿ. ಚೌಕದ್ದು 2, ತಲೇದು 2, ಬಿಳಿ ಅಂಚಿಂದು 2, ದಂಟಿಂದು 2. ಒಂದು ಅಣಬೆ ಚೌಕಕ್ಕೆ 18 ತುದಿ! ಅಂಥ 21 ಚೌಕ ಇದ್ರೆ 378, ಖಾಲಿ ಚೌಕದ್ದು ಇನ್ನೊಂದು 42, ಒಟ್ಟು 420 ತುದಿ ಸೂಜೀಲಿ ಒಳಗೆ ಸೇರಿಸಬೇಕು. ಅರ್ಧಕ್ಕೇ ನಿಂತು ಬೀರು ಸೇರೋ ಹೊದಿಕೆಗಳೆಲ್ಲ ಇಲ್ಲೇ ನಿಲ್ಲೋದು. ಅದರ ಬದಲು ಒಂದೇ ಉದ್ದದ ಬಿಳಿ ದಾರ ಸೂಜಿಗೆ ಪೋಣಿಸಿ, ತಲೆಯ ಹಿಂಬದಿಯಿಂದ ಹಾಯಿಸ್ಕೊಂಡು ಐದೂ ಚುಕ್ಕಿ ತುಂಬು ಹೊಲಿಗೇಲಿ ಕಸೂತಿ ಮಾಡಿದ್ರೆ ತುದಿ ಎರಡೇ. ಒಟ್ಟು 252ಕ್ಕೆ ಇಳಿಯುತ್ತೆ. ಮಗುವಿಗಾದ್ರೆ ಇದೇ ಸರಿ ಕೂಡ, ಕಿತ್ತು ಬಾಯಿಗೆ ಹಾಕ್ಕೊಳ್ಳೋಕೆ ಏನೂ ಸಿಗಲ್ಲ. ಗುಂಡಿ, ಮಣಿ, ಪಾಂಪಾಮ್ ಅಂತೂ ಬೇಡವೇ ಬೇಡ. ಇನ್ನೊಂದು ಮಾತು, ಒಂದು ವರ್ಷದೊಳಗಿನ ಮಗು ಮಲಗಿರುವಾಗ ಸಡಿಲವಾದ ಹೊದಿಕೆ ಹೊದಿಸಬಾರದು. ಎಚ್ಚರ ಇರುವಾಗ ನೆಲಕ್ಕೆ ಹಾಸಿ ಬಿಡೋಕೆ ಇಟ್ಕೊಳ್ಳಿ.

ಚುಕ್ಕಿಗಳನ್ನ ಅಳೆದು ಸಮಸಮ ಇಡಬೇಡಿ. ಆ ಕೆಂಪು ಅಣಬೆ ಚಿಕ್ಕದಿರುವಾಗ ಪೂರ್ತಿ ಒಂದು ಬಿಳಿ ಪೊರೆಯೊಳಗಿರುತ್ತೆ. ಬೆಳೀತಾ ಪೊರೆ ಹರಿದು, ಅದರ ಚೂರುಗಳು ತಲೆ ಮೇಲೆ ಉಳ್ಕೊಂಡಿದ್ದೇ ಈ ಚುಕ್ಕಿ. ಹಾಗಾಗಿ ಒಂದು ದೊಡ್ಡದು, ಎರಡು ಮಧ್ಯಮ, ಎರಡು ಸಣ್ಣದು, ಒಂದಂತೂ ಅಂಚಲ್ಲಿ ಅರ್ಧ ಕತ್ತರಿಸಿದ ಹಾಗೆ. ಆಗಲೇ ಅಣಬೆ. ಸಮಸಮ ಇಟ್ರೆ ಲೇಡಿಬರ್ಡ್ ಹುಳ ಆಗುತ್ತೆ.

ಇನ್ನು ತಳದ ಚೌಕ. ಎಲ್ಲಾ 42 ಒಂದೇ ಲೆಕ್ಕ. ರಿಂಗಲ್ಲಿ 3 ಚೈನ್, 2 ಕಂಬ, ಆಮೇಲೆ 2 ಚೈನ್ 3 ಕಂಬ ಮೂರು ಸಲ, ಕೊನೆಗೆ 2 ಚೈನ್ ಹಾಕಿ ಸ್ಲಿಪ್ ಸ್ಟಿಚ್ಚಲ್ಲಿ, ಅಂದ್ರೆ ದಾರ ಎಳೆದು ಸೀದಾ ಕಡ್ಡಿ ಮೇಲಿನ ಕುಣಿಕೆಯೊಳಗಿಂದ ತೆಗೆಯೋ ಹೊಲಿಗೇಲಿ, ಸೇರಿಸಿ. ಎರಡನೇ ಸುತ್ತಿಂದ ಪ್ರತಿ ಕಂಬದ ಮೇಲೆ ಒಂದು ಕಂಬ, ಮೂಲೆಯ ಜಾಗದಲ್ಲಿ 2 ಕಂಬ 2 ಚೈನ್ 2 ಕಂಬ. ಒಂದು ಬದಿಯ ಲೆಕ್ಕ 3, 7, 11, 15, 19, 23, ಸುತ್ತಿಗೆ ನಾಲ್ಕು ಜಾಸ್ತಿ. ಆರು ಸುತ್ತು ಆದ್ಮೇಲೆ ಏಳನೇದು ಸಿಂಗಲ್, ಮೂಲೇಲಿ 1 ಸಿಂಗಲ್ 2 ಚೈನ್ 1 ಸಿಂಗಲ್. ಬದಿಗೆ 25 ಆಗುತ್ತೆ, ಅಳತೆ ಸುಮಾರು 15 ಸೆಂಟಿಮೀಟರ್. ಚೌಕ ಗಾಳಿಪಟದ ಥರ ಓರೆಯಾಗ್ತಿದ್ರೆ, ಒಂದೇ ದಿಕ್ಕಲ್ಲಿ ಸುತ್ತುತ್ತಾ ಹೋಗ್ತಿದೀರ ಅಂತ ಅರ್ಥ. ಪ್ರತಿ ಸುತ್ತು ಮುಗಿದ್ಮೇಲೆ ತಿರುಗಿಸಿ ಮುಂದಿನದು ಶುರು ಮಾಡಿ, ನೆಟ್ಟಗಾಗುತ್ತೆ. 14ಕ್ಕಿಂತ ಸಣ್ಣದು ಬಂದ್ರೆ 4.5 ಕಡ್ಡಿ, 16 ದಾಟಿದ್ರೆ 3.5. ನಿಜ ಹೇಳ್ಬೇಕಂದ್ರೆ 15 ಬರಲೇಬೇಕು ಅಂತೇನಿಲ್ಲ, ಎಲ್ಲಾ ಒಂದೇ ಅಳತೆ ಇದ್ರೆ ಆಯ್ತು. ಟೀವಿ ನೋಡ್ತಾ ಹಾಕಿದ್ದು ಸಡಿಲ, ಕೋಪದಲ್ಲಿ ಹಾಕಿದ್ದು ಬಿಗಿ, ಇದು ಎಲ್ರಿಗೂ ಆಗುತ್ತೆ. ಥರ್ಮಾಕೋಲ್ ಮೇಲೆ 15ರ ಚೌಕ ಗೆರೆ ಎಳೆದು, ಪಿನ್ ಚುಚ್ಚಿ, ನೀರು ಚಿಮುಕಿಸಿ ಒಣಗಿಸಿದ್ರೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಸರಿಹೋಗುತ್ತೆ. ಅಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಲೇಬೇಡಿ, ಒಂದು ಸಲ ಕಾದ್ರೆ ಜೀವ ಹೋಗಿ ಜೋತು ಬೀಳುತ್ತೆ, ಮತ್ತೆ ಸರಿ ಆಗಲ್ಲ.

ಅತ್ತಿಗೆ, ಈಗ ನಿಮ್ಮ ಲೆಕ್ಕ. ಅಡ್ಡಕ್ಕೆ 6, ಉದ್ದಕ್ಕೆ 7, ಒಟ್ಟು 42 ಚೌಕ. 90ಕ್ಕೆ 105 ಸೆಂಟಿಮೀಟರ್, ಅಂಚು ಸೇರಿ ಇನ್ನೊಂದೆರಡು. ಎಲ್ಲಾ ಚೌಕಕ್ಕೂ ಅಣಬೆ ಹಾಕಬೇಡಿ, ಸಂತೆ ಆಗುತ್ತೆ. ಚದುರಂಗದ ಹಲಗೆ ಥರ ಒಂದು ಬಿಟ್ಟು ಒಂದು, 21 ಅಣಬೆ, 21 ಖಾಲಿ. ಅಣಬೆ ಕೂರೋ ಚೌಕ ಗಾಢ ಹಸಿರೋ ಕಾಫಿ ಬಣ್ಣವೋ ಇರಲಿ. ಕೆನೆ ಬಣ್ಣದ ಮೇಲಿಟ್ರೆ ಕೆಂಪು ಎದ್ದು ಕಾಣುತ್ತೆ, ಬಿಳಿ ದಂಟು ಮಾಯ. ಅಂಗಡೀಲೇ ಉಂಡೆಗಳನ್ನ ಪಕ್ಕಪಕ್ಕ ಇಟ್ಟು ಫೋನಲ್ಲಿ ಕಪ್ಪುಬಿಳುಪು ಫೋಟೋ ತೆಗೀರಿ. ಎರಡು ಬಣ್ಣ ಒಂದೇ ಬೂದಿ ಥರ ಕಂಡ್ರೆ ಆ ಜೋಡಿ ಬೇಡ. ಗಾಢದ್ದು 400 ಗ್ರಾಂ, ಅದರಲ್ಲೇ ಜೋಡಣೆ ಮತ್ತು ಅಂಚು ಆಗುತ್ತೆ. ಖಾಲಿ ಚೌಕಕ್ಕೆ ತಿಳಿ ಬಣ್ಣ 300, ಕೆಂಪು 100, ಬಿಳಿ 100. ಒಟ್ಟು 900 ಗ್ರಾಂ. ಇದು 8 ಪ್ಲೈ ಅಕ್ರಿಲಿಕ್ ಲೆಕ್ಕ. ಮೊದಲ ಚೌಕ ಆದ್ಮೇಲೆ ಅಡುಗೆಮನೆ ತಕ್ಕಡೀಲಿ ತೂಗಿ ನೋಡಿ. 13 ಗ್ರಾಂ ಆಸುಪಾಸು ಬಂದ್ರೆ ಈ ಲೆಕ್ಕ ಸಾಕು, 16 ಬಂತಂದ್ರೆ ಇನ್ನೊಂದೆರಡು ಉಂಡೆ ಆವತ್ತೇ ತಂದುಬಿಡಿ. ತಿಂಗಳು ಬಿಟ್ಟು ಹೋದ್ರೆ ಅದೇ ನಂಬರಿನ ಬಣ್ಣ ಇದ್ರೂ ಡೈ ಲಾಟ್, ಅಂದ್ರೆ ಒಟ್ಟಿಗೆ ಬಣ್ಣ ಹಾಕಿದ ಕಂತು, ಬೇರೆ ಇರುತ್ತೆ, ಹೊದಿಕೆ ನಡುವೆ ಗೆರೆ ಎಳೆದ ಹಾಗೆ ಗೊತ್ತಾಗುತ್ತೆ. ಲೇಬಲ್ ಮೇಲೆ ಲಾಟ್ ನಂಬರ್ ಇರುತ್ತೆ, ಎಲ್ಲಾ ಉಂಡೇದೂ ನೋಡಿ.

ಕಾಟನ್ನಾ ಅಕ್ರಿಲಿಕ್ಕಾ ಅಂದ್ರೆ, ಮಂಗಳೂರು ಕಡೆ ಸೆಖೆಗೆ ಕಾಟನ್, ಮಡಿಕೇರಿಗೆ ಅಥವಾ ಹೊರದೇಶಕ್ಕೆ ಕಳಿಸೋದಾದ್ರೆ ಅಕ್ರಿಲಿಕ್. ಕಾಟನ್ ಅಷ್ಟೇ ದಪ್ಪಕ್ಕೆ ಹೆಚ್ಚು ತೂಗುತ್ತೆ, ಹಾಗಾಗಿ ಗ್ರಾಂ ಲೆಕ್ಕವೂ ಏರುತ್ತೆ. ಮಳೆಗಾಲದಲ್ಲಿ ಒಗೆದ್ರೆ ದಿನಗಟ್ಟಲೆ ಒಣಗಲ್ಲ. ಅರೆಬರೆ ಒಣಗಿದ್ದನ್ನ ಮಡಚಿಟ್ರೆ ಅಣಬೆ ಹೊದಿಕೆಗೆ ನಿಜವಾದ ಬೂಷ್ಟೇ ಬರುತ್ತೆ. ಕೆಂಪು ದಾರ ಯಾವುದೇ ಇರಲಿ, ಮೊದಲು ಒಂದು ಗೇಣು ಕತ್ತರಿಸಿ ಬೆಚ್ಚನೆ ಸೋಪಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆ ಮಧ್ಯೆ ಇಟ್ಟು ಒತ್ತಿ. ಬಟ್ಟೆ ಗುಲಾಬಿ ಆಯ್ತಾ, ಆ ದಾರ ಬೇರೆ ಯಾವುದಕ್ಕಾದ್ರೂ ಇಟ್ಕೊಳ್ಳಿ. ಉಪ್ಪು ಹಾಕಿದ್ರೆ ನಿಲ್ಲುತ್ತೆ, ವಿನೆಗರ್ ಹಾಕಿದ್ರೆ ನಿಲ್ಲುತ್ತೆ ಅನ್ನೋದನ್ನ ನಂಬ್ಕೊಂಡು ಬಿಳಿ ದಂಟಿನ ಪಕ್ಕ ಹೊಲೀಬೇಡಿ.

ಚಿಕ್ಕಮ್ಮ, ಕುಚ್ಚಿನ ಕಡ್ಡಿ ರೇಷ್ಮೆ ದಾರಕ್ಕೆ, ಅದರ ಮೂತಿಗೆ ಈ ದಪ್ಪ ದಾರ ಹಿಡಿಯಲ್ಲ, ಎಳೆ ಸೀಳುತ್ತೆ. 4 ಮಿಮೀದು ಒಂದು, ಜೋಡಿಸೋಕೆ 4.5 ಒಂದು ತಗೊಳ್ಳಿ. ಕೈ ಪಳಗಿದೆ ನಿಮಗೆ, ಒಂದು ಮಧ್ಯಾಹ್ನದಲ್ಲಿ ಬಂದುಬಿಡುತ್ತೆ. ಒಂದೇ ತೊಂದರೆ, ಕುಚ್ಚು ಹಾಕೋರು ಬಿಗಿ ಹಾಕ್ತಾರೆ. ಹೊದಿಕೆಗೆ ಸ್ವಲ್ಪ ಕೈ ಸಡಿಲ ಬಿಡಿ.

ಅಣಬೆ ಹೊಲಿಯೋದು ಚೌಕ ಜೋಡಿಸೋಕೆ ಮುಂಚೇನೇ. ದೊಡ್ಡ ಹೊದಿಕೆ ತೊಡೆ ಮೇಲೆ ಹಾಕ್ಕೊಂಡು ಮಧ್ಯದ ಅಣಬೆ ಹೊಲಿಯೋದು ಹಿಂಸೆ. ಮೊದಲು ದಂಟು, ಬುಡ ಕೆಳ ಅಂಚಿಂದ ಎರಡು ಬೆರಳು ಮೇಲೆ. ಅದರ ಮೇಲ್ತುದಿ ಒಂದು ಸೆಂಟಿಮೀಟರ್ ತಲೆಯೊಳಗೆ ಹೋಗಲಿ. ಹೆಣೆಯುವಾಗ ಬಿಟ್ಟ ಬಾಲದಲ್ಲೇ ಹೊಲೀರಿ, ಹೊಸ ದಾರ ಬೇಡ, ಅದಕ್ಕೇ ಮುಗಿಸುವಾಗ ತಲೆಗೆ ಎರಡು ಮೊಳ ಬಾಲ ಬಿಡಿ. ಸೂಜಿ ಚೌಕದ ಅರ್ಧ ದಪ್ಪದಲ್ಲೇ ಹೋಗಲಿ, ಹಿಂದೆ ಕಾಣಬಾರದು. ತುದಿ ಸೇರಿಸುವಾಗ ಗಂಟು ಹಾಕಿ ಕತ್ತರಿಸಿದ್ರೆ ಅಕ್ರಿಲಿಕ್ ಜಾರಿ ಎರಡನೇ ಒಗೆತಕ್ಕೆ ಹೊರಗೆ ಬರುತ್ತೆ. ಒಂದು ದಿಕ್ಕಿಗೆ ಐದು ಸೆಂಟಿಮೀಟರ್, ವಾಪಸ್ ಅಷ್ಟೇ, ಮತ್ತೆ ಒಂದು ಸಲ ಅಡ್ಡ.

ಜೋಡಿಸೋಕೆ ಹಿಂಬದಿ ಎಳೆಗಳಲ್ಲಿ ಸ್ಲಿಪ್ ಸ್ಟಿಚ್, 4.5 ಕಡ್ಡೀಲಿ. ಮೊದಲು ಅಡ್ಡ ಗೆರೆ ಆರೂ ಮುಗಿಸಿ, ಆಮೇಲೆ ಉದ್ದ ಗೆರೆ ಐದು. ಒಂದೊಂದೇ ಚೌಕ ಸೇರಿಸ್ತಾ ಹೋದ್ರೆ ನಾಲ್ಕು ಮೂಲೆ ಸೇರೋ ಕಡೆ ತೂತು ಬೀಳುತ್ತೆ. ಅಂಚಿಗೆ ಎರಡು ಸುತ್ತು ಸಿಂಗಲ್ ಸಾಕು. ಜೋಡಣೆ ಬಂದ ಕಡೆ ಎರಡೂ ಚೌಕದ ಮೂಲೇಲಿ ಒಂದೊಂದು ಹಾಕಿ, ಇಲ್ಲಾಂದ್ರೆ ಅಂಚು ಎಳೆಯುತ್ತೆ.

ಒಂದೇ ದೊಡ್ಡ ಅಣಬೆ ಚಿತ್ರ ಬರೋ ಹಾಗೆ ಮೂಲೆಯಿಂದ ಮೂಲೆಗೆ ಹೆಣೆಯೋದು ಇದೆಯಲ್ಲ, ಅದು ಆಗುತ್ತೆ, ಆದ್ರೆ ನಾಲ್ಕೈದು ಉಂಡೆ ಒಟ್ಟಿಗೆ ಜೋತಾಡ್ತಾ ಸಿಕ್ಕಾಗ್ತಾವೆ. ಮೊದಲ ಹೊದಿಕೆಗೆ ನನ್ನ ವೋಟು ಇಲ್ಲ.

ಆ ಕೆಂಪು ಅಣಬೆ ಚಳಿ ದೇಶಗಳ ಬರ್ಚ್, ಪೈನ್ ಮರದ ಬುಡದ್ದು, ವಿಷದ್ದು. ನಮ್ಮದೂ ಇರಲಿ ಅನ್ನೋರು ಐದಾರು ಚೌಕಕ್ಕೆ ಹುತ್ತದ ಅಣಬೆ ಹಾಕಿ. ಬೂದುಗಂದು ತಲೆ, ಚುಕ್ಕಿ ಇಲ್ಲ, ದಂಟು 14 ಸಾಲು, ಬುಡ ದಪ್ಪ ಮಾಡದೆ ಕೊನೇಲಿ 4ಕ್ಕೆ ಇಳಿಸಿ. ನಿಜದಲ್ಲೂ ಅದರ ದಂಟು ಬೇರಿನ ಥರ ಸಣ್ಣಗಾಗ್ತಾ ಹುತ್ತದೊಳಗೆ ಇಳಿದಿರುತ್ತೆ. ತಲೆಯ ನಾಲ್ಕನೇ ಸಾಲಿನ ನಡು ಎರಡು ಕಂಬದ ಬದಲು ದಾರ ಎರಡು ಸುತ್ತು ಸುತ್ತಿದ ಎತ್ತರದ ಕಂಬ ಹಾಕಿದ್ರೆ ಆ ಚೂಪು ಮೂತಿ ಬರುತ್ತೆ.

ಪುಟ್ಟಿ, ಈಗ ಅದನ್ನ ಬಿಚ್ಚಿ ಮೂರು ಸಾಲು ಹಾಕು. 18 ಬಂತಾ ಇಲ್ವಾ ಅಂತ ಫೋಟೋ ಹಾಕು, ಆಮೇಲೆ ನಾಲ್ಕನೇದಕ್ಕೆ ಹೋಗೋಣ.